ಕುರ್ಚಿ ಇಲ್ಲದ ಮನೆ

ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸಬಾರದು. ಆ ಓಣಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಹಾಗಂತ ಪ್ರತಿ ಮನೆಯಲ್ಲೂ ಕುರ್ಚಿ ಇತ್ತು ಅಂದುಕೊಳ್ಳಬೇಡಿ. ಇಡೀ ಓಣಿ ಸೇರಿದರೆ ಒಂದು ಮನೆಗೆ ಆಗುವಷ್ಟು ಸಾಮಾನಿತ್ತು. ಯಾರ ಮನೆಗೆ ನೆಂಟರು ಬರುತ್ತಾರೋ ಅವರ ಮನೆಗೆ ಆ ಸಾಮಾನೂ ಬರುತ್ತಿತ್ತು. ಕಟಿಂಗ್ ಶಾಪಿನವನ ಕುರ್ಚಿ, ಟೈಲರಕ್ಕನ ಟೇಬಲ್ ಫ್ಯಾನು, ಡ್ರೈವರ್ ಹೆಂಡತಿಯ ಗಾಜಿನ ಲೋಟ. ಕೇಳಿದರೆ ಕೊಡುತ್ತಿದ್ದರು. ಕೇಳುವುದು ತಡವಾದರೆ ತಾವೇ ತಂದಿಟ್ಟು, ‘ಯಾಕೆ, ನಮ್ಮನ್ನ ಮರೆತೇಬಿಟ್ಟೆಯಾ?’ ಎಂದು ಬೈಯುತ್ತಿದ್ದರು.

ಹಾಗಾಗಿ ಲಾಂಡ್ರಿಯಕ್ಕನ ಮನೆ ನೋಡಲು ವಿಶ್ವವಿದ್ಯಾಲಯದಿಂದ ಯಾರೋ ಬರುತ್ತಾರೆ ಅಂದಾಗ ಓಣಿ ಸುಮ್ಮನೆ ಕೂರಲಿಲ್ಲ.

ಲಾಂಡ್ರಿಯಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು. ಅಲ್ಲಿ ಆಳೆತ್ತರದ ಯಂತ್ರಗಳಿವೆ. ಆದರೆ ರಕ್ತ, ಕೀವು, ಹೇಲು ಮೆತ್ತಿದ ಬಟ್ಟೆಯನ್ನು ನೇರವಾಗಿ ಯಂತ್ರಕ್ಕೆ ಹಾಕುವಂತಿಲ್ಲ. ಯಂತ್ರ ಕೆಡುತ್ತದೆ. ಮೊದಲು ಮನುಷ್ಯರು ಕೈಯಲ್ಲಿ ಉಜ್ಜಬೇಕು. ಮನುಷ್ಯರು ಕೆಟ್ಟರೆ ಬೇರೆಯವರು ಸಿಗುತ್ತಾರೆ. ಬ್ಲೀಚಿನ ನೀರಲ್ಲಿ ಕೈ ಅದ್ದಿ ಅದ್ದಿ ಅವಳ ಬೆರಳ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಹಾಜರಿಯ ಯಂತ್ರ ಅವಳ ಹೆಬ್ಬೆರಳನ್ನು ಗುರುತಿಸುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮೇಸ್ತ್ರಿಯ ಮುಂದೆ ನಿಂತು, ‘ನಾನು ನಾನೇ ಸಾರ್’ ಎಂದು ಹೇಳಿ ಒಳಗೆ ಹೋಗಬೇಕಿತ್ತು.

ಗಂಡ ಅದೇ ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಬಾಯ್ಲರ್ ಅವನನ್ನು ತಿಂದಿತು. ಮನೆಯಲ್ಲಿ ಉಳಿದವರು ಅವಳು, ಅವಳ ಅತ್ತೆ, ಮಗಳು. ಅತ್ತೆಗೆ ಸೊಂಟದ ಕೆಳಗೆ ಜೀವವಿಲ್ಲ, ಸೊಂಟದ ಮೇಲೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಮಗಳು ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಓದುತ್ತಿದ್ದಳು. ಆ ಓಣಿಯಿಂದ ಆ ಗೇಟು ದಾಟಿ ಒಳಗೆ ಹೋದವಳು ಅವಳೊಬ್ಬಳೇ. ಓಣಿ ಅವಳನ್ನು ‘ಕಾಲೇಜು’ ಎಂದೇ ಕರೆಯುತ್ತಿತ್ತು. ‘ಏ ಕಾಲೇಜು, ಊಟ ಆಯ್ತಾ?’ ‘ಕಾಲೇಜು, ನಲ್ಲೀಲಿ ನೀರು ಬಂತು ನೋಡೇ.’

ಮಗಳು ಓದುತ್ತಿದ್ದುದು ನೆರವಿನಲ್ಲಿ. ನೆರವು ಅಂದರೆ ಪುಕ್ಕಟೆ ಅಲ್ಲ. ಫೀಸು ಮನ್ನಾ ಆದವರು ಮಧ್ಯಾಹ್ನ ಊಟದ ಹಾಲ್‌ನಲ್ಲಿ ಹಸಿರು ಏಪ್ರನ್ ಕಟ್ಟಿಕೊಂಡು ಎಂಜಲು ತಟ್ಟೆ ಎತ್ತಬೇಕು. ಬೆಳಿಗ್ಗೆ ಪಕ್ಕದಲ್ಲಿ ಕೂತು ಪಾಠ ಕೇಳಿದ ಹುಡುಗಿಯೇ ಮಧ್ಯಾಹ್ನ ಕಣ್ಣೆತ್ತದೆ ತಟ್ಟೆ ಮುಂದೆ ತಳ್ಳುತ್ತಾಳೆ. ಕೆಲಸ ಮುಗಿಯುವ ತನಕ ಏಪ್ರನ್‌ನವರು ಕೂರುವಂತಿಲ್ಲ. ಕಾಲು ನೋಯುತ್ತದೆ ಅಂದರೆ ಮೇಲ್ವಿಚಾರಕ, ‘ನೆರವು ಬೇಕೋ ಕುರ್ಚಿ ಬೇಕೋ?’ ಎಂದು ಕೇಳುತ್ತಾನೆ. ಮೊದಲ ವರ್ಷದ ನೆರವನ್ನು ಅಂಕ ನೋಡಿ ಕೊಡುತ್ತಾರೆ. ಎರಡನೇ ವರ್ಷಕ್ಕೆ ಮನೆ ನೋಡುತ್ತಾರೆ. ನೋಡಿ ಮೂರರಲ್ಲಿ ಒಂದು ಮಾತು ಹೇಳುತ್ತಾರೆ. ತೀವ್ರ ಅಗತ್ಯ, ಸಾಧಾರಣ ಅಗತ್ಯ, ಅಗತ್ಯವಿಲ್ಲ. ಮೊದಲನೆಯದು ಸಿಕ್ಕರೆ ಓದು. ಉಳಿದೆರಡಕ್ಕೆ ಮನೆ.

‘ಯಾರೋ ಒಬ್ರು ಬರ್ತಾರಮ್ಮ. ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳು, ಸಾಕು’ ಎಂದು ಹೇಳಿ ಮಗಳು ತಟ್ಟೆ ಎತ್ತಲು ಹೋದಳು. ಅವಳು ಮನೆಯಲ್ಲಿ ಇದ್ದಿದ್ದರೆ ತಡೆಯುತ್ತಿದ್ದಳೋ ಏನೋ.

ಕಟಿಂಗ್ ಶಾಪಿನವನು, ಅವನನ್ನು ಎಲ್ಲರೂ ಕಟಿಂಗಣ್ಣ ಅನ್ನುತ್ತಿದ್ದರು, ಗಿರಾಕಿಗಳು ಕಾಯುವ ಎರಡೂ ಕೆಂಪು ಕುರ್ಚಿಗಳನ್ನು ಒರೆಸಿ ತಂದಿಟ್ಟ. ಅವತ್ತು ಅವನ ಗಿರಾಕಿಗಳು ನಿಂತೇ ಕಾದರು. ಟೈಲರಕ್ಕ ಫ್ಯಾನು ತಂದಳು, ಗೋಡೆಗೊಂದು ಗಡಿಯಾರ ತಂದಳು, ಸುಮ್ಮನಿರಲಾರದೆ ಕಿಟಕಿಗೊಂದು ಹೂವಿನ ಪರದೆ ಹೊಲಿದು ಕಟ್ಟಿದಳು. ಡ್ರೈವರ್ ಹೆಂಡತಿ ಲೋಟ, ತಟ್ಟೆ, ಬಿಸ್ಕತ್ತು. ಮಂಚದ ಮೇಲಿಂದ ಅತ್ತೆ ಎಲ್ಲವನ್ನೂ ನೋಡಿ, ‘ಮನೆ ಮದುವೆಗೆ ಸಿದ್ಧ ಆಯ್ತಲ್ಲೇ. ನನಗೂ ಒಂದು ಗಂಡು ನೋಡ್ರೇ’ ಅಂದಳು. ಎಲ್ಲರೂ ನಕ್ಕರು.

ಬಂದವನು ಎಳೆಯ ಹುಡುಗ. ಬೆಳ್ಳಗಿನ ಬೂಟು ಹಾಕಿದ್ದ. ಬೂಟಿನ ಸಮೇತ ಒಳಗೆ ಬಂದ. ಕೆಂಪು ಕುರ್ಚಿಯಲ್ಲಿ ಕೂತ, ಫ್ಯಾನು ತನ್ನ ಕಡೆ ತಿರುಗಿಸಿಕೊಂಡ, ಗಾಜಿನ ಲೋಟದಲ್ಲಿ ಚಹಾ ಕುಡಿದ. ಹೆಚ್ಚೇನೂ ಕೇಳಲಿಲ್ಲ. ಸುತ್ತ ನೋಡಿದ, ಬರೆದುಕೊಂಡ, ಮತ್ತೆ ನೋಡಿದ. ಏಳುವಾಗ, ‘ಮನೆ ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಿ’ ಅಂದ.

ಲಾಂಡ್ರಿಯಕ್ಕನಿಗೆ ಕಣ್ಣು ತುಂಬಿ ಬಂತು. ಅವನು ಹೋದ ಮೇಲೆ ಓಣಿಯವರು ಬಂದು ತಮ್ಮ ತಮ್ಮ ಸಾಮಾನು ಹೊತ್ತುಕೊಂಡು ಹೋದರು. ಪರದೆ ಮಾತ್ರ ಟೈಲರಕ್ಕ ಬಿಚ್ಚಲಿಲ್ಲ. ‘ಇರ್ಲಿ ಬಿಡು, ನಿನ್ನ ಮಗಳು ಪಾಸಾದ ದಿನ ಬಿಚ್ತೀನಿ’ ಅಂದಳು.

*

ನೆರವಿನ ಕಚೇರಿಯಲ್ಲಿ ಗಾಜಿನ ಕಿಂಡಿ ಇದೆ. ಕಿಂಡಿ ಎಷ್ಟು ಕೆಳಗಿದೆ ಅಂದರೆ ಮಾತಾಡಬೇಕಾದರೆ ಸೊಂಟ ಬಗ್ಗಿಸಬೇಕು. ಕಟ್ಟಿದವನು ಗೊತ್ತಿಲ್ಲದೆ ಹಾಗೆ ಕಟ್ಟಿದ ಎಂದು ನಂಬುವವರು ನಂಬಲಿ. ಒಳಗೆ ನೆರವಿನ ಮೇಡಂ ಕೂತಿದ್ದಳು. ಹೊರಗೆ ತಾಯಿ ಮಗಳು ಬಗ್ಗಿ ನಿಂತರು.

‘ಅಗತ್ಯವಿಲ್ಲ ಅಂತ ಬಂದಿದೆ’ ಎಂದಳು ಮೇಡಂ. ‘ಫ್ಯಾನಿದೆ, ಕುರ್ಚಿಗಳಿವೆ, ಪರದೆ ಇದೆ. ಗಾಜಿನ ಸಾಮಾನಿದೆ. ನಿಮಗಿಂತ ಕಷ್ಟದಲ್ಲಿರೋರು ತುಂಬಾ ಜನ ಇದ್ದಾರಮ್ಮ.’

‘ಅಯ್ಯೋ ಮೇಡಂ, ಅದು ಯಾವುದೂ ನಮ್ಮದಲ್ಲ! ಓಣಿಯವರದ್ದು. ಬಂದವರಿಗೆ ಕೂರೋಕೆ ಅಂತ ಇಸ್ಕೊಂಡು ಬಂದಿದ್ದು.’

ಮೇಡಂ ಮೊದಲ ಸಲ ತಲೆ ಎತ್ತಿದಳು. ‘ಅಂದ್ರೆ ನಿಮ್ಮದಲ್ಲದ್ದನ್ನ ನಿಮ್ಮದು ಅಂತ ತೋರಿಸಿದ್ರಿ.’

‘ತೋರಿಸಿದ್ದಲ್ಲ ಮೇಡಂ. ಕೂರಿಸಿದ್ದು.’

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದೇ ಇದು. ನೋಡಿ, ಆ ಸಾಮಾನು ನಿಮ್ಮದಾದ್ರೆ ನೀವು ಬಡವರಲ್ಲ. ನಿಮ್ಮದಲ್ಲ ಅಂದ್ರೆ ತಪಾಸಣೆಗೆ ಮೋಸ ಮಾಡಿದ್ದೀರಿ. ಯಾವುದು ಅಂತ ನೀವೇ ಹೇಳಿ.’

ಇಂಥ ಪ್ರಶ್ನೆಯನ್ನು ತಾಯಿಗೆ ಯಾರೂ ಕೇಳಿರಲಿಲ್ಲ. ಮಗಳು ಗಾಜಿಗೆ ಇನ್ನಷ್ಟು ಬಗ್ಗಿ, ‘ನಮ್ಮಮ್ಮನ ಕೈ ನೋಡಿ ಮೇಡಂ. ಮನೆ ಬೇಡ, ಕೈ ನೋಡಿ ಸಾಕು’ ಎಂದಳು. ತಾಯಿಯ ಕೈ ಎಳೆದು ಕಿಂಡಿಯೊಳಗೆ ತೂರಿಸಿದಳು. ಬ್ಲೀಚಿಗೆ ಸುಲಿದ ಕೈ. ಉಗುರಿನ ಬುಡದಲ್ಲಿ ಹಸಿ ಕೆಂಪು. ಮೇಡಂ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡಳು. ಆಮೇಲೆ ಏನೋ ಹೊಳೆದವಳಂತೆ ಮುಂದಕ್ಕೆ ಬಂದಳು. ಬಟ್ಟೆ ಅಂಗಡಿಯಲ್ಲಿ ಸೆರಗು ನೋಡುವ ಹಾಗೆ ಆ ಕೈಯನ್ನು ನೋಡಿದಳು.

‘ಒಂದು ದಾರಿ ಇದೆ’ ಎಂದಳು. ‘ನಮ್ಮ ದೊಡ್ಡ ದಾನಿಗಳು ಒಬ್ರಿದ್ದಾರೆ. ವಯಸ್ಸಾದವರು. ಅವರು ತಾವೇ ಕಣ್ಣಾರೆ ನೋಡಿ ಕೊಡೋದು. ಅವರನ್ನ ಕರ್ಕೊಂಡು ಬರ್ತೀನಿ. ಈ ಸಲ ಮಾತ್ರ ಇದ್ದ ಹಾಗೆ ಇರ್ಲಿ. ಇದ್ದದ್ದಕ್ಕಿಂತ ಒಂದು ಚೂರು ಕಮ್ಮಿ ಇದ್ರೂ ಪರವಾಗಿಲ್ಲ. ಅರ್ಥ ಆಯ್ತಾ?’

‘ಒಂದು ಕುರ್ಚಿ ಆದ್ರೂ, ವಯಸ್ಸಾದವರು ಅಂತೀರಿ…’

‘ಅವರು ಕೂರೋಕೆ ಬರ್ತಿಲ್ಲಮ್ಮ. ನೋಡೋಕೆ ಬರ್ತಿದ್ದಾರೆ. ಕುರ್ಚಿ ಕಂಡ್ರೆ ಮಗಳ ಓದು ಮುಗೀತು ಅಂತ ತಿಳ್ಕೊಳ್ಳಿ.’

*

ಓಣಿಗೆ ಅದು ವಿಚಿತ್ರ ಕೆಲಸ. ತಂದು ತುಂಬಿ ಗೊತ್ತಿತ್ತು, ಹೊತ್ತು ಖಾಲಿ ಮಾಡಿ ಗೊತ್ತಿರಲಿಲ್ಲ. ಟೈಲರಕ್ಕ ಪರದೆ ಬಿಚ್ಚಿದಳು. ಮಗಳು ಓದುವ ಹಲಗೆಯನ್ನು ಡ್ರೈವರ್ ಮನೆಗೆ ಸಾಗಿಸಿದರು. ಟ್ರಂಕು ಹೋಯಿತು. ಕನ್ನಡಿ ಹೋಯಿತು. ಕೊನೆಗೆ ಉಳಿದದ್ದು ಅತ್ತೆ ಮಲಗಿದ್ದ ಮಂಚ. ಲಾಂಡ್ರಿಯ ಹಳೇ ಪೈಪು ಸೇರಿಸಿ ಗಂಡ ಮಾಡಿಕೊಟ್ಟಿದ್ದ ಮಂಚ.

‘ಅದೂ ತೆಗೀಬೇಕಾ?’ ಎಂದ ಕಟಿಂಗಣ್ಣ.

ಲಾಂಡ್ರಿಯಕ್ಕ ಅತ್ತೆಯ ಕಂಕುಳಿಗೆ ಕೈ ಹಾಕಿದಳು. ಮಗಳು ಕಾಲು ಹಿಡಿದಳು. ಸಿಮೆಂಟಿನ ನೆಲಕ್ಕೆ ಒಂದು ಹಳೇ ಬೆಡ್‌ಶೀಟು ಹಾಸಿ ಮಲಗಿಸಿದರು.

‘ಇನ್ನೂ ಉಸಿರಿದೆ ಕಣೇ ನನಗೆ’ ಎಂದಳು ಅತ್ತೆ. ‘ಈಗಲೇ ಮಣ್ಣಿಗೆ ಇಳಿಸ್ತೀಯಲ್ಲೇ.’

‘ಸ್ವಲ್ಪ ಹೊತ್ತು ಅತ್ತೆ. ಮಗುವಿನ ಓದಿಗೆ.’

‘ನಾನು ನೆಲದ ಮೇಲೆ ಬಿದ್ರೆ ಅವಳಿಗೆ ವಿದ್ಯೆ ಹತ್ತುತ್ತಾ? ಮೊದಲೇ ಹೇಳಿದ್ರೆ ನಾನೇ ಉರುಳ್ತಿದ್ದೆ.’

ಈ ಸಲ ಯಾರೂ ನಗಲಿಲ್ಲ.

ದಾನಿ ಕೋಲೂರಿಕೊಂಡು ಬಂದರು. ಜೊತೆಗೆ ನೆರವಿನ ಮೇಡಂ, ಹಿಂದೆ ಬಿಳಿ ಬೂಟಿನ ಹುಡುಗ, ಕ್ಯಾಮರಾದವನೊಬ್ಬ. ದಾನಿ ಕೆಟ್ಟವರ ಹಾಗೆ ಕಾಣುತ್ತಿರಲಿಲ್ಲ, ಅದನ್ನು ಹೇಳಲೇಬೇಕು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟವರು ಅವರೊಬ್ಬರೇ. ಒಳಗೆ ಬಂದು ಸುತ್ತ ನೋಡಿದರು. ನೋಡಲು ಏನೂ ಇರಲಿಲ್ಲ. ಅದನ್ನೇ ಬಹಳ ಹೊತ್ತು ನೋಡಿದರು. ‘ಛೆ ಛೆ’ ಅಂದರು.

ಕ್ಯಾಮರಾದವನು ಮಗಳನ್ನು ಅಜ್ಜಿಯ ತಲೆದೆಸೆಯಲ್ಲಿ ಪುಸ್ತಕ ಕೊಟ್ಟು ಕೂರಿಸಿದ. ‘ನಗಬೇಡ. ಹಾಗಂತ ಅಳೋದೂ ಬೇಡ. ಪುಸ್ತಕ ನೋಡು, ಆದ್ರೆ ಓದಬೇಡ, ಕಣ್ಣು ಮುಚ್ಚಿದ ಹಾಗೆ ಕಾಣುತ್ತೆ.’ ಆಮೇಲೆ ತಾಯಿಯ ಕಡೆ ತಿರುಗಿದ. ‘ಕೈ ತೋರಿಸಮ್ಮ. ಹಾಗಲ್ಲ, ಅಂಗೈ ಮೇಲೆ ಮಾಡು. ಇನ್ನೂ ಸ್ವಲ್ಪ ಚಾಚು. ಬೇಡೋ ಥರ ಅಲ್ಲ, ಆದ್ರೂ… ಹಾಂ, ಹಾಗೇ.’

ಅವಳು ಹಾಗೇ ಚಾಚಿ ನಿಂತಳು. ಹತ್ತಾರು ವರ್ಷ ಊರಿನವರ ರಕ್ತ ತೊಳೆದ ಕೈ. ಯಾರ ಮುಂದೂ ಚಾಚಿದ್ದಿಲ್ಲ.

ಅಷ್ಟರಲ್ಲಿ ದಾನಿಯ ಮೊಣಕಾಲು ನಡುಗತೊಡಗಿತು. ಕೋಲಿನ ಮೇಲೆ ಭಾರ ಹಾಕಿದರು, ಕೈ ಬದಲಿಸಿದರು, ಗೋಡೆ ಹಿಡಿದರು. ಕೂರಲು ಅತ್ತಿತ್ತ ನೋಡಿದರು. ನೆಲದ ಮೇಲಿಂದ ಅತ್ತೆಗೆ ಕಾಣುತ್ತಿದ್ದುದು ಆ ನಡುಗುವ ಕಾಲು ಮಾತ್ರ.

‘ಯಾರೋ ವಯಸ್ಸಾದವರು ನಿಂತಿದ್ದಾರಲ್ಲೇ’ ಎಂದಳು ಅತ್ತೆ. ‘ಕೂರೋಕೆ ಏನಾದ್ರೂ ಕೊಡೇ.’

‘ಕುರ್ಚಿ ಇಲ್ಲ ಅತ್ತೆ.’

‘ಕಟಿಂಗಣ್ಣನ ಹತ್ರ ಇಸ್ಕೊಳ್ಳೇ, ಇದೇನು ಹೊಸದಾ?’

ಅತ್ತೆ ಹೇಳಬೇಕಿರಲಿಲ್ಲ. ಮುದುಕರು ಗೋಡೆ ಹಿಡಿದದ್ದನ್ನು ಕಟಿಂಗಣ್ಣ ಎದುರಿನ ಅಂಗಡಿಯಿಂದ ನೋಡಿದ್ದ. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯನ್ನು ಹಾಗೇ ಬಿಟ್ಟು ಕೆಂಪು ಕುರ್ಚಿ ಎತ್ತಿಕೊಂಡು ಓಡಿ ಬಂದ. ಕುರ್ಚಿ ತರಬಾರದು ಎಂದು ಮಾಡಿಕೊಂಡ ಮಾತುಕತೆಯೆಲ್ಲ ಅವನಿಗೆ ಮರೆತೇ ಹೋಗಿತ್ತು. ಕುರ್ಚಿ ಹೊಸ್ತಿಲ ತನಕ ಬಂತು.

ಮೇಡಂ ಲಾಂಡ್ರಿಯಕ್ಕನ ಮುಖ ನೋಡಿದಳು. ಲಾಂಡ್ರಿಯಕ್ಕ ಮಗಳ ಕಡೆ ನೋಡಿದಳು. ಆಮೇಲೆ ಬಾಗಿಲಿಗೆ ಹೋಗಿ ಕುರ್ಚಿಗೆ ಅಡ್ಡ ನಿಂತಳು.

‘ಬೇಡ ಅಣ್ಣ. ವಾಪಸ್ ತಗೊಂಡು ಹೋಗಿ.’

‘ಮುದುಕ್ರು ನಿಂತಿದ್ದಾರಲ್ಲಕ್ಕ!’

‘ನಿಂತ್ಕೊಳ್ಳಲಿ. ಹೋಗಿ ಅಂದೆನಲ್ಲ!’

ಅವಳು ಕೂಗಿಯೇಬಿಟ್ಟಳು. ಕಟಿಂಗಣ್ಣ ಕುರ್ಚಿ ಹೊತ್ತುಕೊಂಡು ವಾಪಸ್ ಹೋದ. ಆ ಓಣಿಯಲ್ಲಿ ಕುರ್ಚಿಯೊಂದು ಬಾಗಿಲಿನಿಂದ ವಾಪಸ್ ಹೋದದ್ದು ಅದೇ ಮೊದಲು. ದಾನಿಗೆ ಏನೂ ತಿಳಿಯಲಿಲ್ಲ. ‘ಕೊಡೋಕೆ ಒಂದು ಕುರ್ಚಿ ಕೂಡ ಇಲ್ಲ ಪಾಪ’ ಎಂದು ಕಣ್ಣೊರೆಸಿಕೊಂಡರು. ಬಿಳಿ ಬೂಟಿನವನು ಕುರ್ಚಿಯ ಕೆಂಪು ಬಣ್ಣವನ್ನು ಗುರುತು ಹಿಡಿದಿದ್ದ. ಅವನು ಮೇಡಂ ಕಡೆ ನೋಡಿದ, ಮೇಡಂ ನೆಲ ನೋಡಿದಳು. ತಾಯಿ ಹೇಳಿದ್ದೆಲ್ಲ ನಿಜ ಎಂದು ಇಬ್ಬರಿಗೂ ಆ ಕ್ಷಣಕ್ಕೆ ಗೊತ್ತಾಯಿತು. ಇಬ್ಬರೂ ಬಾಯಿ ಬಿಡಲಿಲ್ಲ.

ತೀವ್ರ ಅಗತ್ಯ. ಹಾಗಂತ ಮಾತು ಬಂತು. ಮಗಳು ಎರಡನೇ ವರ್ಷಕ್ಕೆ ಸೇರಿದಳು.

ಅತ್ತೆಯನ್ನು ಮತ್ತೆ ಮಂಚಕ್ಕೆ ಎತ್ತುವಾಗ ಬೆನ್ನಲ್ಲಿ ಚರ್ಮ ಸುಲಿದದ್ದು ಕಂಡಿತು. ಆ ಗಾಯ ಮಾಯಲೇ ಇಲ್ಲ. ಲಾಂಡ್ರಿಯಕ್ಕ ದಿನಾ ಅದನ್ನು ಒರೆಸುತ್ತಿದ್ದಳು. ಕಟಿಂಗಣ್ಣ ಅವಳನ್ನು ಕಂಡರೆ ಕತ್ತರಿಯ ಕಡೆ ತಲೆ ತಗ್ಗಿಸುತ್ತಿದ್ದ. ಅವನಿಗೆ ಕೋಪ ಬಂದಿರಲಿಲ್ಲ. ನಾಚಿಕೆ ಯಾರದ್ದು ಎಂದು ತಿಳಿಯದೆ ಅವನೇ ಅದನ್ನು ಇಟ್ಟುಕೊಂಡಿದ್ದ.

*

ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೊಮ್ಮೆ ನಡೆಯುವ ದಾನಿಗಳ ದಿನಕ್ಕೆ ಫಲಾನುಭವಿಗಳ ತಾಯ್ತಂದೆಯರು ಬರಲೇಬೇಕು. ಲಾಂಡ್ರಿಯಕ್ಕ ಅರ್ಧ ದಿನದ ಕೂಲಿ ಬಿಟ್ಟು ಬಂದಳು. ವೇದಿಕೆಯ ಹಿಂದಿನ ಗೋಡೆಯ ತುಂಬ ಒಂದು ಚಿತ್ರ. ಅದು ಅವಳ ಕೈ. ಒಂದೊಂದು ಬೆರಳೂ ಆಳುದ್ದ. ಉಗುರಿನ ಬುಡದ ಕೆಂಪು ಸಭಾಂಗಣದ ಕೊನೆಯ ಸಾಲಿಗೂ ಕಾಣುತ್ತಿತ್ತು. ಅದೇ ಚಿತ್ರ ಒಂದು ವಾರದಿಂದ ಗೇಟಿನ ಮೇಲೂ ಇತ್ತು. ಊಟದ ಹಾಲ್‌ನಲ್ಲಿ ಒಬ್ಬ ಹುಡುಗ ಮಗಳಿಗೆ ತಟ್ಟೆ ಕೊಡುತ್ತ, ‘ಕೈ ತೊಳ್ಕೊಂಡು ಮುಟ್ಟು ಮಾರಾಯ್ತಿ, ನಿಮ್ಮನೇಲಿ ಎಲ್ಲರ ಕೈಯೂ ಹಂಗೇನಾ?’ ಅಂದಿದ್ದ. ಪಕ್ಕದವರು ನಕ್ಕಿದ್ದರು. ಮಗಳು ಇದನ್ನು ತಾಯಿಗೆ ಹೇಳಿರಲಿಲ್ಲ. ಅಜ್ಜಿಗೆ ಹೇಳಿದ್ದಳು. ಅಜ್ಜಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ.

ಸಭಾಂಗಣದ ಗೋಡೆಯುದ್ದಕ್ಕೂ ನೆರವಿನ ಮಕ್ಕಳು ನಿಂತಿದ್ದರು. ಹಸಿರು ಏಪ್ರನ್, ಕೈಯಲ್ಲಿ ಟ್ರೇ. ದಾನಿಗಳು ಎದ್ದು ಹೋಗುವ ತನಕ ಕೂರುವಂತಿಲ್ಲ. ಬೆಳಿಗ್ಗೆಯಿಂದ ನಿಂತಿದ್ದರು. ಮಗಳು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುವುದನ್ನು ತಾಯಿ ಬಾಗಿಲಿನಿಂದಲೇ ಕಂಡಳು. ಬಟ್ಟೆಯ ತೊಟ್ಟಿಯ ಮುಂದೆ ತಾನೂ ಹಾಗೇ ಬದಲಿಸುವವಳು. ಕಲಿಸದೆ ಬಂದ ವಿದ್ಯೆ.

ಮೇಡಂ ಮೊದಲೇ ಎಲ್ಲ ಹೇಳಿಕೊಟ್ಟಿದ್ದಳು. ‘ಹೆಸರು ಕರೆದಾಗ ಮೇಲೆ ಬನ್ನಿ. ಅವರು ಒಂದು ಕುರ್ಚಿ ಕೊಡ್ತಾರೆ. ಕೂತ್ಕೊಳ್ಳಿ, ಕೈ ಮುಗೀರಿ, ಎದ್ದು ಬನ್ನಿ. ಮಾತಾಡೋದು ಬೇಡ. ಮುಂದಿನ ವರ್ಷದ್ದೂ ಇದರ ಮೇಲೇ ಇದೆ.’

ದಾನಿ ಮೈಕಿನ ಮುಂದೆ ಬಂದರು. ಆ ಮನೆಗೆ ಹೋದದ್ದು, ಅಜ್ಜಿ ನೆಲದ ಮೇಲೆ ಮಲಗಿದ್ದದ್ದು, ಎಲ್ಲ ಹೇಳಿದರು. ‘ನನ್ನ ಕಾಲು ನಡುಗ್ತಾ ಇತ್ತು. ಆ ತಾಯಿ ಹತ್ರ ನನಗೆ ಕೊಡೋಕೆ ಒಂದು ಕುರ್ಚಿ ಇರಲಿಲ್ಲ. ಆವತ್ತೇ ಅಂದ್ಕೊಂಡೆ, ಈ ಮನೆಗೆ ಮೊದಲ ಕುರ್ಚಿ ನಾನೇ ಕೊಡ್ತೀನಿ ಅಂತ.’ ಜನ ಚಪ್ಪಾಳೆ ತಟ್ಟಿದರು. ಮೆತ್ತೆ ಹಾಕಿದ, ಕೈಗಳಿರುವ, ಕಪ್ಪು ಮರದ ದೊಡ್ಡ ಕುರ್ಚಿಯನ್ನು ಇಬ್ಬರು ಹೊತ್ತು ತಂದಿಟ್ಟರು. ‘ಬಾಮ್ಮ, ಕೂತ್ಕೋ.’

ಲಾಂಡ್ರಿಯಕ್ಕ ಮೇಲೆ ಹೋದಳು. ಹಿಂದೆ ಅವಳದೇ ಕೈ, ಮುಂದೆ ಕುರ್ಚಿ. ಜೀವಮಾನದಲ್ಲಿ ಒಂದೇ ಒಂದು ಸಲ ಬಂದವರನ್ನು ನಿಲ್ಲಿಸಿದ್ದಳು. ಹಾಗೆ ನಿಲ್ಲಿಸಲು ಹೇಳಿಕೊಟ್ಟ ಮೇಡಂ ಇಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದಳು.

ಅವಳು ಕೂರಲಿಲ್ಲ.

‘ಕುರ್ಚಿ ಇತ್ತು ಯಜಮಾನ್ರೇ’ ಎಂದಳು. ಮೈಕು ಹತ್ತಿರವೇ ಇತ್ತು, ಮಾತು ಎಲ್ಲರಿಗೂ ಕೇಳಿತು. ‘ನಿಮಗೋಸ್ಕರ ಬಾಗಿಲ ತನಕ ಬಂದಿತ್ತು. ಬಡವರ ಹತ್ರ ಕುರ್ಚಿ ಇರಬಾರದು ಅಂತ ಈ ಮೇಡಂ ಹೇಳಿದ್ರು. ಅದಕ್ಕೆ ನಿಮ್ಮನ್ನ ನಿಲ್ಲಿಸಿದೆ. ನಮ್ಮ ಅತ್ತೇನ ನೆಲಕ್ಕೆ ಹಾಕಿದೆ. ನಾನು ಅಂಥವಳಲ್ಲ. ನಮ್ಮ ಓಣೀಲಿ ಅಂಥವರು ಯಾರೂ ಇಲ್ಲ.’

ಮೇಡಂ ಎದ್ದು ನಿಂತಳು. ಮೈಕಿನವನು ಮೈಕು ಆರಿಸಿದ.

ಲಾಂಡ್ರಿಯಕ್ಕ ಕುರ್ಚಿ ಎತ್ತಿಕೊಂಡಳು. ಇಬ್ಬರು ಹೊತ್ತು ತಂದ ಕುರ್ಚಿ. ಒದ್ದೆ ಬೆಡ್‌ಶೀಟಿನ ಗಂಟು ಹೊರುವವಳಿಗೆ ಅದು ಯಾವ ಭಾರ! ಮೆಟ್ಟಿಲಿಳಿದು, ಸಾಲುಗಳ ನಡುವೆ ನಡೆದು, ಗೋಡೆಯ ಪಕ್ಕಕ್ಕೆ ಬಂದಳು. ಮಗಳ ಹಿಂದೆ ಇಟ್ಟಳು.

‘ಕೂತ್ಕೋ.’

‘ಅಮ್ಮ, ಬೇಡಮ್ಮ’ ಎಂದಳು ಮಗಳು. ‘ಎಲ್ಲಾ ಹೋಗುತ್ತೆ.’

‘ಗೊತ್ತು. ನಿನ್ನಿಷ್ಟ.’

ಬಲವಂತ ಮಾಡಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಸುಮ್ಮನೆ ನಿಂತಳು. ಮೇಲ್ವಿಚಾರಕ ಓಡಿ ಬಂದ. ‘ಏನಿದು ನಾಟಕ? ಟ್ರೇ ಹಿಡ್ಕೊಂಡು ನೆಟ್ಟಗೆ ನಿಂತ್ಕೋ!’ ಮಗಳು ಅವನನ್ನು ನೋಡಿದಳು. ಗೋಡೆಯ ಮೇಲಿನ ಕೈ ನೋಡಿದಳು. ಕೆಳಗೆ ಕುರ್ಚಿ ಹಿಡಿದಿದ್ದ ಕೈ ನೋಡಿದಳು. ಟ್ರೇಯನ್ನು ಅವನ ಕೈಗೆ ಕೊಟ್ಟಳು. ಅವನು ಏನೆಂದು ತಿಳಿಯದೆ ಇಸಿದುಕೊಂಡ.

ಮಗಳು ಕೂತಳು. ಏಪ್ರನ್ ಸಮೇತ, ಬೆನ್ನು ಒರಗಿಸಿ.

‘ಏಳು!’ ಎಂದ ಅವನು.

‘ಏಳಲ್ಲ. ಕಾಲು ನೋಯ್ತಿದೆ.’

*

ನೆರವು ನಿಂತಿತು. ಅದರಲ್ಲಿ ಆಶ್ಚರ್ಯವೇನಿಲ್ಲ. ಕಾರಣ ಅನುಚಿತ ವರ್ತನೆ ಅಂದರು. ಗೇಟಿನ ಮೇಲಿನ ಕೈ ಮಾತ್ರ ಹಾಗೇ ಇತ್ತು. ಅದಕ್ಕೆ ದುಡ್ಡು ಸುರಿದಿದ್ದರು, ಇಳಿಸಲು ಮನಸ್ಸಾಗಲಿಲ್ಲ. ಮಗಳು ಲಾಂಡ್ರಿಗೆ ಸೇರಿದಳು. ಈಗ ಒದ್ದೆ ಬೆಡ್‌ಶೀಟಿನ ಒಂದು ತುದಿ ತಾಯಿಯ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುತ್ತಾರೆ. ಕೆಲವು ದಿನ ಮಗಳು ಅಗತ್ಯಕ್ಕಿಂತ ಜೋರಾಗಿ ಹಿಂಡುತ್ತಾಳೆ. ತಾಯಿ ತನ್ನ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾಳೆ. ‘ಬಡವನ ಕೋಪ ದವಡೆಗೆ ಮೂಲ ಅಂತ ಸುಮ್ನೆ ಹೇಳಿದ್ದಾರಾ’ ಎಂದು ಟೈಲರಕ್ಕ ಒಮ್ಮೆ ಅಂದಳು. ಅಂದು, ತಾನೇ ಅತ್ತಳು.

ಕುರ್ಚಿ ಮನೆಗೆ ಬಂದಿತ್ತು. ತಾಯಿಯೇ ಹೊತ್ತು ತಂದಿದ್ದಳು. ದಾನಿಗಳ ಮುಂದೆ ಕುರ್ಚಿ ಕಿತ್ತುಕೊಳ್ಳಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಅತ್ತೆಯನ್ನು ಅದರಲ್ಲಿ ಕೂರಿಸಿದರೆ ಬೆನ್ನಿನ ಗಾಯಕ್ಕೆ ಗಾಳಿ ಆಡುತ್ತಿತ್ತು. ರಜೆಯ ದಿನ ಬಾಗಿಲ ಹೊರಗೆ ಹಾಕಿ ಕೂರಿಸುತ್ತಿದ್ದರು. ಅತ್ತೆ ಮೆತ್ತೆಯ ಮೇಲೆ ಕೂತು ಓಣಿಯ ಯೋಗಕ್ಷೇಮ ವಿಚಾರಿಸುತ್ತಿದ್ದಳು.

ಅಂಥ ಒಂದು ದಿನ ಬಿಳಿ ಬೂಟಿನವನು ಬಂದ. ಬಿಸಿಲು ಚುರುಗುಟ್ಟುತ್ತಿತ್ತು.

‘ಕುರ್ಚಿ ತಗೊಂಡು ಹೋಗೋಕೆ ಬಂದೆ’ ಎಂದ. ‘ಅದು ಸಭಾಂಗಣದ್ದು. ಕೊಟ್ಟಿದ್ದು ಕಾರ್ಯಕ್ರಮದ ಮಟ್ಟಿಗೆ ಮಾತ್ರ. ಫೋಟೋಗೆ.’ ಆಮೇಲೆ ದನಿ ಇಳಿಸಿ, ‘ವಾಪಸ್ ಕೊಟ್ಟು ಒಂದು ಕ್ಷಮಾಪಣೆ ಬರೆದುಕೊಟ್ರೆ ಮೇಡಂ ಮತ್ತೆ ಯೋಚನೆ ಮಾಡ್ತಾರಂತೆ. ಮುಂದಿನ ವರ್ಷಕ್ಕೆ ಹೊಸದಾಗಿ ಮನೆ ನೋಡ್ತಾರೆ’ ಎಂದ.

ತಾಯಿ ಮಗಳ ಕಡೆ ನೋಡಿದಳು. ಹೂಂ ಅಂದರೆ ಮಗಳು ಮತ್ತೆ ಆ ಗೇಟಿನೊಳಗೆ ಹೋಗಬಹುದು. ಅಂದುಬಿಡಲಿ ಎಂದು ಒಂದು ಮನಸ್ಸು. ಅನ್ನದಿರಲಿ ಎಂದು ಇನ್ನೊಂದು. ಮಗಳು ಸುಲಿಯತೊಡಗಿದ್ದ ತನ್ನ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡಳು.

‘ನಮ್ಮನ್ನ ಕೇಳಿದ್ರೆ ಏನು ಬಂತು?’ ಎಂದಳು. ‘ಕೂತಿರೋದು ಅಜ್ಜಿ. ಅವರನ್ನ ಕೇಳಿ.’

ಹುಡುಗ ಅಜ್ಜಿಯ ಕಡೆ ತಿರುಗಿದ. ‘ಅಜ್ಜಿ, ಸ್ವಲ್ಪ ಏಳ್ತೀರಾ?’

ಅಜ್ಜಿ ಅವನನ್ನು ಬೂಟಿನಿಂದ ತಲೆಯ ತನಕ ನೋಡಿದಳು. ಜೀವವಿಲ್ಲದ ಕಾಲಿನ ಮೇಲೆ ಹೊದಿಕೆ ಸರಿಮಾಡಿಕೊಂಡಳು.

‘ಅದಕ್ಕೇನಪ್ಪ. ನಾನು ಎದ್ದ ತಕ್ಷಣ ತಗೊಂಡು ಹೋಗು.’

‘ಎಷ್ಟು ಹೊತ್ತಾಗುತ್ತೆ?’

‘ಅವಸರ ಇದೆಯಾ ನಿನಗೆ?’

ಹುಡುಗ ಇಲ್ಲ ಅಂದ. ಪಕ್ಕಕ್ಕೆ ಸರಿದು ಕಾಯುತ್ತ ನಿಂತ. ಎದುರಿನ ಅಂಗಡಿಯಿಂದ ಕಟಿಂಗಣ್ಣ ಹೊರಗೆ ಬಂದ, ಕೈ ಕಟ್ಟಿಕೊಂಡ. ಟೈಲರಕ್ಕ ಮಿಷನ್ ನಿಲ್ಲಿಸಿ ಬಾಗಿಲಿಗೆ ಬಂದಳು. ಡ್ರೈವರ್ ಹೆಂಡತಿ ಬಂದಳು. ಬಿಸಿಲು ಏರಿತು. ಹುಡುಗ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ, ಕೂರಲು ಅತ್ತಿತ್ತ ನೋಡಿದ.

ಯಾರೂ ಕುರ್ಚಿ ತರಲಿಲ್ಲ.